ವಸ್ತು ನೋಡದೆ ದುಡ್ಡು ಕೊಟ್ಟೆಯಾ?

ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದಾಗಿನಿಂದ ಪ್ರತಿ ಭಾನುವಾರ ಹಾಸನಕ್ಕೆ ಫೋನ್ ಮಾಡಿ ಅಮ್ಮನಿಗೆ ಒಂದೇ ಪಾಠ ಹೇಳುತ್ತಿದ್ದೆ. ಒಟಿಪಿ ಯಾರಿಗೂ ಹೇಳಬೇಡ, ಲಿಂಕ್ ಒತ್ತಬೇಡ, ಪಿನ್ ಕೊಡಬೇಡ. 2023ರ ನವೆಂಬರ್‌ನಲ್ಲಿ ಟೋಪಿ ಹಾಕಿಸಿಕೊಂಡಿದ್ದು ಮಾತ್ರ ನಾನು.

ಕಾಫಿ ಮೆಷಿನ್. ಎಲ್ಲ ಕಡೆ 389 ಯೂರೋ ಇದ್ದದ್ದು ಒಂದು ವೆಬ್‌ಸೈಟಿನಲ್ಲಿ 219. ತಪ್ಪಿಲ್ಲದ ಜರ್ಮನ್, ಚೆಂದದ ಫೋಟೋ, ಕೆಳಗಡೆ ಇಂಪ್ರೆಸುಮ್ ಕೂಡ ಇತ್ತು. ಇಲ್ಲಿ ವ್ಯಾಪಾರದ ವೆಬ್‌ಸೈಟ್ ಅಂದಮೇಲೆ ಯಾರದು, ಎಲ್ಲಿಯದು ಅಂತ ಹಾಕಲೇಬೇಕು, ಅದು ಕಾನೂನು. ಬೇರೆ ಯಾವುದೋ ನಿಜವಾದ ಕಂಪನಿಯ ವಿಳಾಸವನ್ನೇ ಎತ್ತಿ ಅಂಟಿಸಿದ್ದರು ಅಂತ ಗೊತ್ತಾಗಿದ್ದು ಆಮೇಲೆ. ದುಡ್ಡು ಕಟ್ಟುವ ಪುಟದಲ್ಲಿ ಕಾರ್ಡು, ಇನ್‌ವಾಯ್ಸು ಎಲ್ಲದರ ಚಿತ್ರವೂ ಸಾಲಾಗಿ ಕೂತಿತ್ತು, ಆದರೆ ಕೊನೆಗೆ ಬಂದರೆ ಉಳಿದಿದ್ದು ಒಂದೇ ದಾರಿ, ಮುಂಚೆಯೇ ಬ್ಯಾಂಕಿನಿಂದ ಕಳಿಸಬೇಕು. ಖಾತೆ ನಂಬರ್ ಜರ್ಮನಿಯ ಡಿಇ ಬದಲು ಎಲ್‌ಟಿ ಅಂತ ಶುರುವಾಗಿತ್ತು, ಅಂದರೆ ಲಿಥುವೇನಿಯಾ. ನೋಡಿದೆ. ನೋಡಿಯೂ ಕಳಿಸಿದೆ. ರಾತ್ರಿ ಹನ್ನೊಂದೂವರೆ, 'ಎರಡೇ ಬಾಕಿ' ಅಂತ ಕೆಂಪಕ್ಷರ ಬೇರೆ ಮಿನುಗುತ್ತಿತ್ತು.

ಹತ್ತು ದಿನ ಕಾದೆ. ಮೇಲ್‌ಗೆ ಉತ್ತರವಿಲ್ಲ. ಬ್ಯಾಂಕಿನವರು ನೀವೇ ಕಳಿಸಿದ್ದಲ್ವಾ, ಈಗ ವಾಪಸ್ ಬರುವುದು ಕಷ್ಟ ಅಂದರು. ಪೊಲೀಸ್ ದೂರು ಕೊಟ್ಟೆ, ಅದಕ್ಕೊಂದು ನಂಬರ್ ಸಿಕ್ಕಿತು. ಇಲ್ಲಿನ ಬಳಕೆದಾರರ ಸಂಸ್ಥೆ ಫೇಕ್‌ಶಾಪ್ ಫೈಂಡರ್ ಅಂತ ಒಂದು ಪುಟ ಇಟ್ಟಿದೆ, ವೆಬ್‌ಸೈಟ್ ಹೆಸರು ಹಾಕಿದರೆ ನಂಬಬಹುದಾ ಇಲ್ವಾ ಅಂತ ಹೇಳುತ್ತದೆ. ನಾನು ಅದನ್ನು ನೋಡಿದ್ದು ದುಡ್ಡು ಹೋದಮೇಲೆ. ಕೆಂಪು ದೀಪ.

ಅಮ್ಮನಿಗೆ ಹೇಳಬಾರದು ಅಂದುಕೊಂಡಿದ್ದೆ, ಬಾಯಿ ತಪ್ಪಿ ಬಂತು. ಎರಡು ಕ್ಷಣ ಸುಮ್ಮನಿದ್ದು, "ಅಲ್ಲ ಕಣೋ, ವಸ್ತು ನೋಡದೆ ದುಡ್ಡು ಕೊಟ್ಟೆಯಾ?" ಅಂದರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಅಮ್ಮನ ವ್ಯವಹಾರ ನೋಡಬೇಕು ನೀವು. ಎಲ್ಲವೂ ಕ್ಯಾಶ್ ಆನ್ ಡೆಲಿವರಿ. ಪಾರ್ಸಲ್ ತಂದ ಹುಡುಗನಿಗೆ ಮೊದಲು ಜಗಲಿ ಮೇಲೆ ಒಂದು ಲೋಟ ಮಜ್ಜಿಗೆ. ಅವನು ಕುಡಿದು ಮುಗಿಸುವಷ್ಟರಲ್ಲಿ ಈಳಿಗೆಮಣೆಯ ಅಲಗಿಗೆ ತಾಗಿಸಿ ಟೇಪ್ ಕೊಯ್ದು, ಒಳಗಿದ್ದದ್ದನ್ನು ಬೆಳಕಿಗೆ ಹಿಡಿದು ನೋಡಿ ಆಗಿರುತ್ತದೆ. ದುಡ್ಡು ಕೊಡದೆ ಬಿಚ್ಚುವಂತಿಲ್ಲ ಅಂತ ಅವನು ಹೇಳುವುದೂ, ಮಜ್ಜಿಗೆ ಕುಡಿ ಮಗಾ ಅಂತ ಇವರು ಅನ್ನುವುದೂ ಪ್ರತಿ ಸಲದ ಕತೆ. ಯುಪಿಐಗೆ ಬೇರೆಯೇ ಖಾತೆ, ಅದರಲ್ಲಿ ಮೂರು ಸಾವಿರಕ್ಕಿಂತ ಜಾಸ್ತಿ ಇಡುವುದಿಲ್ಲ. ಒಮ್ಮೆ ಹಳೇ ಮಂಚ ಮಾರಲು ಹಾಕಿದಾಗ ಯಾರೋ ಮಿಲಿಟರಿಯವನು ಅಂತ ಹೇಳಿಕೊಂಡು ಫೋನ್ ಮಾಡಿ, ಕ್ಯೂಆರ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಐದು ಸಾವಿರ ಬರುತ್ತೆ ಅಂದನಂತೆ. "ಬರೋ ದುಡ್ಡಿಗೆ ನನ್ನ ಪಿನ್ ಯಾಕಪ್ಪಾ?" ಅಂತ ಕೇಳಿದ್ದಕ್ಕೆ ಫೋನ್ ಇಟ್ಟನಂತೆ. ಯುಪಿಐ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗಂತೂ ಗೊತ್ತಿಲ್ಲ.

ನಾನು ಯಾಕೆ ಮೊಂಡಾದೆ ಅಂತ ಯೋಚಿಸಿದ್ದೇನೆ. ಇಲ್ಲಿ ಬಹಳ ಅಂಗಡಿಗಳು ಸಾಮಾನು ಮೊದಲು ಕಳಿಸಿ, ಬಿಲ್ಲು ಜೊತೆಗಿಟ್ಟು, ಎರಡು ವಾರದೊಳಗೆ ಕಟ್ಟಿ ಅನ್ನುತ್ತವೆ, ಹಾಸನದ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದ ಹಾಗೆ. ನಾಲ್ಕು ಜೊತೆ ಶೂ ತರಿಸಿ ಮೂರು ವಾಪಸ್ ಕಳಿಸಿದವನು ನಾನು. ಪಾರ್ಸಲ್ ಪಕ್ಕದ ಮನೆ ಅಜ್ಜಿ ಇಸಿದುಕೊಂಡು ಇಟ್ಟಿರುತ್ತಾರೆ, ನಾವು ಯಾರೂ ಬಿಚ್ಚಿ ನೋಡುವುದಿಲ್ಲ. ಅನುಮಾನ ಪಡುವುದೇ ಮರೆತುಹೋಗುತ್ತದೆ. ಅಮ್ಮನಿಗೆ ಆ ಅದೃಷ್ಟವಿಲ್ಲ, ಅದಕ್ಕೇ ಚುರುಕಾಗಿದ್ದಾರೆ.

ಸರಿ, ಇದನ್ನೂ ಹೇಳಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ತಗೊಂಡಿದ್ದನ್ನು 14 ದಿನದೊಳಗೆ ಕಾರಣ ಹೇಳದೆ ಹಿಂದಿರುಗಿಸುವುದು ಇಲ್ಲಿ ಹಕ್ಕು, ಊರಿನಲ್ಲಿ ಅದು ಬಹುಪಾಲು ಕಂಪನಿಯ ಮರ್ಜಿ. ನಮ್ಮ ಒಪ್ಪಿಗೆ ಪಡೆದು ಅಂಗಡಿಯವರೇ ನಮ್ಮ ಖಾತೆಯಿಂದ ದುಡ್ಡು ಎಳೆದುಕೊಂಡಿದ್ದರೆ ಎಂಟು ವಾರದವರೆಗೆ ಬ್ಯಾಂಕಿಗೆ ಹೇಳಿ ವಾಪಸ್ ತರಿಸಬಹುದು. ನಾನೇ ಕಳಿಸಿದ್ದರಿಂದ ಅದೂ ಇಲ್ಲ. 2025ರ ಅಕ್ಟೋಬರ್‌ನಿಂದ ಖಾತೆ ನಂಬರಿಗೂ ಹೆಸರಿಗೂ ಹೊಂದುತ್ತಾ ಅಂತ ಇಲ್ಲಿನ ಬ್ಯಾಂಕುಗಳು ನೋಡಿ ಹೇಳಬೇಕು, ನನ್ನ 219 ಯೂರೋ ಹೋಗಿ ಎರಡು ವರ್ಷವಾದಮೇಲೆ. ನಮ್ಮಲ್ಲಿ 1930 ಅಂತ ಸೈಬರ್ ವಂಚನೆಯ ಸಹಾಯವಾಣಿ ಇದೆ, ಕೂಡಲೇ ಕರೆ ಮಾಡಿದರೆ ದುಡ್ಡು ಹೋಗಿ ಕೂತ ಖಾತೆಯನ್ನೇ ತಡೆಹಿಡಿಯಲು ನೋಡುತ್ತಾರೆ. ಅದು ಒಳ್ಳೆಯದೇ. ಆದರೂ ಅರವತ್ತೆಂಟು ವರ್ಷದವರು ಪ್ರತಿ ಪಾರ್ಸಲ್‌ಗೂ ಪೊಲೀಸ್ ಆಗಿ ಕೂರಬೇಕಾ? ಅಮ್ಮ ಒಮ್ಮೆ ಬೇರೆ ಊರಿಗೆ ಹೋಗಿದ್ದಾಗ ಅತ್ತಿಗೆ 799 ಕೊಟ್ಟು ಇಸಿದುಕೊಂಡ ಡಬ್ಬಿಯಲ್ಲಿ ಹಳೇ ಪೇಪರ್ ಇತ್ತು, ಅದನ್ನು ಯಾರೂ ತರಿಸಿಯೇ ಇರಲಿಲ್ಲ.

ಕಾಫಿ ಮೆಷಿನ್ ಕೊನೆಗೆ ಇಲ್ಲೇ ಪೇಟೆ ಬೀದಿಯ ಅಂಗಡಿಯಲ್ಲಿ 379ಕ್ಕೆ ತಂದೆ. ಸೀಲ್ ಆದ ಡಬ್ಬಿ ಕೊಟ್ಟರು. ವಿಡಿಯೋದಲ್ಲಿ ತೋರಿಸಿದರೆ ಅಮ್ಮ ಕೇಳಿದ್ದು ಒಂದೇ, "ಹಾಕಿ ತೋರಿಸಿದ್ರಾ?" ಅಂತ. ಬಲ್ಬು ತಗೊಂಡರೂ ಹೋಲ್ಡರ್‌ಗೆ ಸಿಕ್ಕಿಸಿ ಉರಿಸಿ ಕೊಡುವ ಅಂಗಡಿಗೆ ಹೋಗಿ ರೂಢಿ ಅವರಿಗೆ. ಇಲ್ಲ ಅಂದೆ. "ಹೋಗಲಿ ಬಿಡು," ಅಂದರು, ನನಗಿಂತ ಜಾಸ್ತಿ ಅವರಿಗೇ ಬೇಜಾರಾದ ಹಾಗೆ.