ಪುರಭವನದ ಬೀಗದ ಕೈ ಯಾರ ಹತ್ತಿರ ಇರಬೇಕು?

ಮೈಸೂರಿನ ರಂಗಾಚಾರ್ಲು ಪುರಭವನದ ಜೀರ್ಣೋದ್ಧಾರದ ಮಾತು ಬಂದಾಗಲೆಲ್ಲ ಚರ್ಚೆ ಬಣ್ಣ, ದೀಪ, ಕುರ್ಚಿ, ನೆಲದಡಿಯ ವಾಹನ ನಿಲುಗಡೆ ಇಷ್ಟರಲ್ಲೇ ಮುಗಿದುಹೋಗುತ್ತದೆ. ವಾರಕ್ಕೆ ಎಷ್ಟು ಸಂಜೆ ಅಲ್ಲಿ ಜನ ಸೇರುತ್ತಾರೆ, ಅದು ಯಾರ ಕೈಗೆ ಎಟಕುತ್ತದೆ ಎಂದು ಕೇಳುವವರು ಕಡಿಮೆ. ನನಗೆ ಇದೇ ಮೊದಲ ಪ್ರಶ್ನೆ.

ಭವನ ಯಾರ ನೆನಪಿನದು ಎಂದು ನೋಡಿ. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಸೇರಿದಾಗ ದಿವಾನರಾದವರು ಸಿ.ವಿ. ರಂಗಾಚಾರ್ಲು. ಅದೇ ವರ್ಷ ಅವರು ಪ್ರಜಾಪ್ರತಿನಿಧಿ ಸಭೆ ಆರಂಭಿಸಿದರು. ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ, ನಿಜ. ಆದರೂ ಊರಿನ ಕಷ್ಟವನ್ನು ದಿವಾನರ ಮುಂದೆ ನಿಂತು ಹೇಳಲು ಒಂದು ಜಾಗವಾಯಿತು. 1883ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಎದ್ದದ್ದು ಈ ಪುರಭವನ. ಇಂಥ ಕಟ್ಟಡಕ್ಕೆ ಮಾತನಾಡುವ ಜನರೇ ಬರದಿದ್ದರೆ ಕಂಬಗಳಿಗೆ ಹೊಳಪು ಬಂದು ಏನಾಯಿತು?

ಬಳಕೆಗೂ ಕಟ್ಟಡದ ಆಯಸ್ಸಿಗೂ ನೇರ ಸಂಬಂಧವಿದೆ. ಆ ಕಾಲದ ನಮ್ಮ ಕಟ್ಟಡಗಳು ಇಟ್ಟಿಗೆ, ಸುಣ್ಣದ ಗಾರೆ, ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಗಾರೆಯಿಂದ ಕಟ್ಟಿದ ಚಾವಣಿಯವು. ಸುಣ್ಣದ ಗಾರೆ ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಬಿರುಕು ಕಂಡಲ್ಲೆಲ್ಲ ಸಿಮೆಂಟ್ ಮೆತ್ತಿದರೆ ತೇವ ಗೋಡೆಯೊಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತದೆ. ದಿನವೂ ಬಾಗಿಲು ತೆರೆಯುವ ಕಟ್ಟಡದಲ್ಲಿ ಸೋರುವ ಮೂಲೆ ಮೊದಲ ಮಳೆಗೇ ಯಾರಾದರೊಬ್ಬರ ಕಣ್ಣಿಗೆ ಬೀಳುತ್ತದೆ. ಬೀಗ ಜಡಿದರೆ ಅದು ಹತ್ತು ಮಳೆಗಾಲ ಸೋರಿದರೂ ಕೇಳುವವರಿಲ್ಲ.

ತಡ ಮಾಡಿದರೆ ಏನಾಗುತ್ತದೆ ಎಂಬುದನ್ನು ಮೈಸೂರಿಗೆ ಬೇರೆಯವರು ಹೇಳಬೇಕಿಲ್ಲ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಉರುಳಿತು. ಆಮೇಲೆ ನಡೆದದ್ದು ಕೆಡವಬೇಕೋ ಉಳಿಸಬೇಕೋ ಎಂಬ ವರ್ಷಗಟ್ಟಲೆಯ ಜಗಳ. ಅಷ್ಟೂ ಕಾಲ ಅಂಗಡಿಯವರ ಬದುಕು ತೂಗುಯ್ಯಾಲೆಯಲ್ಲಿತ್ತು.

ಹಾಗಾಗಿ ನನ್ನ ಒತ್ತಾಯ ಸರಳ. ಪುರಭವನದ ಬಾಡಿಗೆ ಹವ್ಯಾಸಿ ನಾಟಕ ತಂಡಕ್ಕೆ, ಮಹಿಳಾ ಸಂಘಕ್ಕೆ, ಪೌರಕಾರ್ಮಿಕರ ಸಭೆಗೆ ಎಟಕುವಂತಿರಲಿ. ಠೇವಣಿ, ವಿದ್ಯುತ್, ಸ್ವಚ್ಛತೆ ಎಂದು ಒಂದರ ಮೇಲೊಂದು ಶುಲ್ಕ ಹೇರಿ ಅವರನ್ನು ಹೊಸ್ತಿಲಲ್ಲೇ ತಡೆಯುವುದು ಬೇಡ. ಮಂತ್ರಿಗಳ ಕಾರ್ಯಕ್ರಮ ಬಂತೆಂದು ಮೊದಲೇ ಕಾದಿರಿಸಿದವರನ್ನು ಎಬ್ಬಿಸುವ ಪದ್ಧತಿ ಅಲ್ಲಿ ಕಾಲಿಡಲೇಬಾರದು. ಗಾಲಿಕುರ್ಚಿ ಏರುವ ಇಳಿಜಾರು, ಹೆಂಗಸರಿಗೆ ಸಾಕಷ್ಟು ಶೌಚಾಲಯ ಇಲ್ಲದೆ ಜೀರ್ಣೋದ್ಧಾರ ಮುಗಿಯಿತೆಂದು ಯಾರೂ ಹೇಳದಿರಲಿ. ಬಾಡಿಗೆ ದರ ಮತ್ತು ತಿಂಗಳ ಕಾರ್ಯಕ್ರಮಗಳ ಪಟ್ಟಿಯನ್ನು ಬಾಗಿಲ ಪಕ್ಕದಲ್ಲೇ, ಕನ್ನಡದಲ್ಲಿ, ಎಲ್ಲರಿಗೂ ಕಾಣುವಂತೆ ಹಾಕಲಿ. ಮುಂದಿನ ದಸರೆಯವರೆಗೆ ಕಾಯುವುದೇಕೆ, ಈ ತಿಂಗಳೇ ಆಗಬಹುದು.