ಅನುಭವ ಇಲ್ಲದೋರಿಗೆ ಜನ ಯಾಕೆ ಓಟ್ ಹಾಕ್ತಾರೆ? ಅಯೋವಾದಲ್ಲಿ ನಾನು ಕಂಡಿದ್ದು

ಅಮೆರಿಕದ ಎಲೆಕ್ಷನ್ ಮಾತು, ಅದರಲ್ಲೂ ಒಬಾಮಾ ಥರದ ಹೊಸಬರು ಗೆದ್ದ ಮಾತು ಬಂದಾಗೆಲ್ಲ ನಮ್ಮ ಹಳೇ ಆಫೀಸ್ ಗೆಳೆಯರ ಗುಂಪಲ್ಲಿ ಒಂದೇ ತೀರ್ಮಾನ, "ಜನ ಭಾಷಣಕ್ಕೆ ಮರುಳಾಗ್ತಾರೆ, ಮುಖ ನೋಡಿ ಓಟ್ ಹಾಕ್ತಾರೆ" ಅಂತ. ಕೇಳಿದಾಗೆಲ್ಲ ನಂಗೆ ಬೇಜಾರಾಗತ್ತೆ. ಯಾಕಂದ್ರೆ 2008ರ ಜನವರಿ 3ನೇ ತಾರೀಖು ರಾತ್ರಿ ನಾನು ಅಯೋವಾ ರಾಜ್ಯದ ಸೀಡರ್ ರಾಪಿಡ್ಸ್ ಅನ್ನೋ ಊರಲ್ಲಿ, ಒಂದು ಸ್ಕೂಲಿನ ಜಿಮ್‌ನಲ್ಲಿ ಗೋಡೆಗೆ ಒರಗಿ ನಿಂತ್ಕೊಂಡು, ಜನ ಹೇಗೆ ಮನಸ್ಸು ಮಾಡ್ತಾರೆ ಅನ್ನೋದನ್ನ ಕಣ್ಣಾರೆ ನೋಡಿದೀನಿ. ಮರುಳಾದೋರ ಮುಖ ಹಾಗಿರಲ್ಲ.

ನಾನಾಗ ಎಚ್1ಬಿ ವೀಸಾದಲ್ಲಿದ್ದೆ, ಓಟಿನ ಹಕ್ಕಿಲ್ಲ. ಪಕ್ಕದ್ಮನೆ ಅಜ್ಜಿ "ಬಾ, ನೋಡೋಕೆ ಯಾರು ಬೇಕಾದ್ರೂ ಬರಬಹುದು" ಅಂತ ಕರ್ಕೊಂಡು ಹೋದ್ರು. ಎಪ್ಪತ್ತು ದಾಟಿದೋರು, ರಿಟೈರ್ಡ್ ಸ್ಕೂಲ್ ಟೀಚರ್. ಹೊರಗೆ ಮೂಗು ಮರಗಟ್ಟೋ ಚಳಿ, ಒಳಗೆ ಕಾಲಿಡೋಕೆ ಜಾಗ ಇಲ್ಲ.

ಅವತ್ತು ಅಲ್ಲಿ ನಡೀತಿದ್ದಿದ್ದು ಕಾಕಸ್, ಅಂದ್ರೆ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಯಾರು ನಿಲ್ಬೇಕು ಅಂತ ಜನರೇ ಆರಿಸೋ ಸಭೆ. ಅದು ಹೇಗೆ ನಡಿಯತ್ತೆ ಅಂತ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಮುಂದಿನದು ಅರ್ಥ ಆಗಲ್ಲ. ಡೆಮಾಕ್ರಟಿಕ್ ಪಕ್ಷದ ಕಾಕಸ್‌ನಲ್ಲಿ ಆಗ ಗುಪ್ತ ಮತದಾನ ಇರಲಿಲ್ಲ. ಏರಿಯಾದ ಜನ ಒಂದು ಹಾಲ್‌ಗೆ ಬಂದು ತಮಗೆ ಬೇಕಾದ ಅಭ್ಯರ್ಥಿಯ ಬೋರ್ಡ್ ಇರೋ ಮೂಲೆಗೆ ಹೋಗಿ ಎಲ್ಲರ ಎದುರೇ ನಿಂತ್ಕೋಬೇಕು, ತಲೆ ಎಣಿಸ್ತಾರೆ, ಸಾಮಾನ್ಯವಾಗಿ ನೂರಕ್ಕೆ 15 ಜನ ಸೇರದೇ ಇರೋ ಗುಂಪು ಒಡೀತು ಅಂತಲೇ ಲೆಕ್ಕ, ಆ ಗುಂಪಿನೋರು ಬೇರೆ ಮೂಲೆಗೆ ಹೋಗ್ಬೇಕು, ಇಲ್ಲಾ ಮನೆಗೆ ಹೋಗ್ಬೇಕು.

ಅಜ್ಜಿ ಹೋಗಿ ನಿಂತಿದ್ದು ಜೋ ಬೈಡನ್ ಮೂಲೆಯಲ್ಲಿ. 1973ರಿಂದ ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿದ್ದ ಮನುಷ್ಯ, ವಿದೇಶಾಂಗ ಸಮಿತಿಯ ಅಧ್ಯಕ್ಷ. ಆ ಮೂಲೆಯಲ್ಲಿ ಇವ್ರನ್ನ ಸೇರಿಸಿ ಹತ್ತು ಜನಾನೂ ಇಲ್ಲ. ಅತ್ಲಾಗೆ ಬಿಲ್ ರಿಚರ್ಡ್‌ಸನ್ ಬೋರ್ಡ್ ಹಿಡಿದು ನಾಲ್ಕೈದು ಜನ. ಆತ ಸಂಸದ ಆಗಿದ್ದೋನು, ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿ ಆಗಿದ್ದೋನು, ಕೇಂದ್ರದಲ್ಲಿ ಇಂಧನ ಮಂತ್ರಿ ಆಗಿದ್ದೋನು, ಆಗ ನ್ಯೂ ಮೆಕ್ಸಿಕೋದ ಗವರ್ನರ್. ಬರೀ ಬಯೋಡೇಟಾ ನೋಡಿ ಕೆಲ್ಸ ಕೊಡೋದಾಗಿದ್ರೆ ಆ ಜಿಮ್‌ನಲ್ಲಿ ಅವತ್ತು ಈ ಎರಡು ಮೂಲೆಗಳೇ ತುಂಬಿ ತುಳುಕ್ಬೇಕಿತ್ತು. ತುಳುಕ್ತಾ ಇದ್ದಿದ್ದು ಬರಾಕ್ ಒಬಾಮಾ ಮೂಲೆ. ಇಲಿನಾಯ್ ರಾಜ್ಯದ ಸೆನೆಟ್‌ನಲ್ಲಿ 8 ವರ್ಷ, ನಮ್ಮ ಲೆಕ್ಕದಲ್ಲಿ ಒಬ್ಬ ಎಂಎಲ್‌ಸಿ ಇದ್ದ ಹಾಗೆ ಅಂತ ಇಟ್ಕೊಳ್ಳಿ, ಆಮೇಲೆ ವಾಷಿಂಗ್ಟನ್‌ಗೆ ಸೆನೆಟರ್ ಆಗಿ ಬಂದು ಸರಿಯಾಗಿ 3 ವರ್ಷ.

ಬೈಡನ್ ಗುಂಪು ಒಡೀತು. ಅಜ್ಜಿ ಒಂದು ನಿಮಿಷ ಅಲ್ಲೇ ನಿಂತ್ರು, ಕೋಟಿನ ಗುಂಡಿ ಹಾಕ್ತಾ ತೆಗೀತಾ. ಹಿಲರಿ ಕ್ಲಿಂಟನ್ ಕಡೆಯೋರು ಬಂದು ಕರೆದ್ರು, ಇನ್ನೊಬ್ಬ ಅಭ್ಯರ್ಥಿ ಜಾನ್ ಎಡ್ವರ್ಡ್ಸ್ ಕಡೆಯೋರೂ ಕರೆದ್ರು. ಅಜ್ಜಿ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಇಡೀ ಜಿಮ್ ದಾಟಿ ಒಬಾಮಾ ಮೂಲೆಗೆ ನಡೆದ್ರು, ಅಲ್ಲಿದ್ದ ಕಾಲೇಜು ಹುಡುಗರು ಹೋ ಅಂತ ಚಪ್ಪಾಳೆ ಹೊಡೆದ್ರು.

ವಾಪಸ್ ಬರ್ತಾ ಕಾರಲ್ಲಿ ಕೇಳಿದೆ. ಅನುಭವ ಬೇಕು ಅಂತ ಬೈಡನ್ ಹತ್ರ ನಿಂತೋರು, ಎಲ್ಲರಿಗಿಂತ ಅನುಭವ ಕಮ್ಮಿ ಇರೋನ ಹತ್ರ ಹೋದ್ರಲ್ಲ, ಯಾಕೆ ಅಂತ. ಅವರು ಎರಡು ಕಾರಣ ಹೇಳಿದ್ರು. ಒಂದು ಇರಾಕ್. ಅವರ ತಂಗಿ ಮೊಮ್ಮಗ ಆಗ ಅಲ್ಲಿದ್ದ. "ಇಷ್ಟೆಲ್ಲ ಅನುಭವ ಇದ್ದೋರು ಸೇರಿಯೇ ಅವನನ್ನ ಅಲ್ಲಿಗೆ ಕಳಿಸಿದ್ದು" ಅಂದ್ರು. ಇನ್ನೊಂದು, ಒಬಾಮಾ ಕಡೆಯ ಒಬ್ಬ ಹುಡುಗಿ ನವೆಂಬರ್‌ನಿಂದ ಮೂರು ಸಲ ಮನೆಗೆ ಬಂದಿದ್ಲಂತೆ, ಅಡುಗೆಮನೆ ಟೇಬಲ್ ಹತ್ರ ಕೂತು ಕಾಫಿ ಕುಡಿದು, ಇವರು ಹೇಳಿದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರ್ಕೊಂಡು ಹೋದ್ಲಂತೆ. "ನಲವತ್ತು ವರ್ಷದಿಂದ ಓಟ್ ಹಾಕ್ತಿದೀನಿ, ನಾನು ಹೇಳಿದ್ದನ್ನ ಯಾರೂ ಬರ್ಕೊಂಡಿರಲಿಲ್ಲ" ಅಂದ್ರು. ಆ ಮಾತು ಇವತ್ತಿಗೂ ನನ್ನ ಕಿವೀಲಿದೆ.

ಇರಾಕ್ ವಿಷಯ ಬಿಡಿಸಿ ಹೇಳ್ತೀನಿ. 2002ರ ಅಕ್ಟೋಬರ್‌ನಲ್ಲಿ ಯುದ್ಧಕ್ಕೆ ಅನುಮತಿ ಕೊಡೋ ನಿರ್ಣಯ ಸೆನೆಟ್‌ನಲ್ಲಿ 77-23ರಲ್ಲಿ ಪಾಸಾಯ್ತು. ಕ್ಲಿಂಟನ್, ಬೈಡನ್, ಎಡ್ವರ್ಡ್ಸ್, ಕ್ರಿಸ್ ಡಾಡ್, ಅಂದ್ರೆ 2008ರಲ್ಲಿ ನಿಂತಿದ್ದ ಘಟಾನುಘಟಿಗಳೆಲ್ಲ ಪರವಾಗಿಯೇ ಓಟ್ ಹಾಕಿದ್ರು. ಅದೇ ತಿಂಗಳು ಶಿಕಾಗೋದ ಒಂದು ಸಭೇಲಿ ಒಬಾಮಾ ಇದು ಮೂರ್ಖ ಯುದ್ಧ ಅಂತ ಭಾಷಣ ಮಾಡಿದ್ರು. ಇನ್ನು ಆ ಯುದ್ಧ ನಡೆಸಿದ ಆಗಿನ ಉಪಾಧ್ಯಕ್ಷ ಡಿಕ್ ಚೇನಿ, ಡೊನಾಲ್ಡ್ ರಮ್ಸ್‌ಫೆಲ್ಡ್, ಇವರಿಗಿಂತ ದೊಡ್ಡ ಅನುಭವಸ್ಥರನ್ನ ಎಲ್ಲಿಂದ ತರ್ತೀರಿ? ರಮ್ಸ್‌ಫೆಲ್ಡ್ ಎರಡೆರಡು ಸಲ ರಕ್ಷಣಾ ಮಂತ್ರಿ. ಜನರ ಕಣ್ಣಲ್ಲಿ ಅನುಭವ ಅನ್ನೋದೇ ಕಟಕಟೆಯಲ್ಲಿ ನಿಂತಿತ್ತು ಕಣ್ರೀ. ಅಂಥ ಹೊತ್ತಲ್ಲಿ ಕ್ಲಿಂಟನ್ ಕಡೆಯೋರು ರಾತ್ರಿ ಮೂರು ಗಂಟೆಗೆ ವೈಟ್‌ಹೌಸ್ ಫೋನ್ ರಿಂಗಾದ್ರೆ ಯಾರು ಎತ್ತಬೇಕು ಅಂತ ಜಾಹೀರಾತು ಮಾಡಿದ್ರೆ, ತುಂಬಾ ಜನರ ಮನಸ್ಸಲ್ಲಿ ಬಂದಿದ್ದು, ಹಿಂದೆ ಫೋನ್ ಎತ್ತಿದೋರು ಏನು ಮಾಡಿದ್ರು ಅನ್ನೋ ಪ್ರಶ್ನೆ.

ನಮ್ಮಪ್ಪಂಗೆ ಫೋನ್‌ನಲ್ಲಿ ಇದನ್ನೆಲ್ಲ ಹೇಳ್ತಿದ್ದೆ. ಅಪ್ಪ ತುಮಕೂರಲ್ಲಿ, ಬಸ್ ಡಿಪೋದಲ್ಲಿ ಕೆಲ್ಸ ಮಾಡಿ ರಿಟೈರ್ ಆದೋರು. "ಇಪ್ಪತ್ತು ವರ್ಷದ ಸರ್ವೀಸ್ ಇರೋ ಡ್ರೈವರ್ರೇ ಗಾಡೀನ ಹಳ್ಳಕ್ಕೆ ಇಳಿಸಿದ್ರೆ, ಪ್ಯಾಸೆಂಜರ್ರು ಇನ್ನೊಬ್ಬನ ಸರ್ವೀಸ್ ಎಷ್ಟು ಅಂತ ಕೇಳ್ಕೊಂಡು ಕೂರಲ್ಲ ಕಣೋ, ಹಿಂದೆ ಬರೋ ಬಸ್ಸಿಗೆ ಕೈ ಅಡ್ಡ ಹಾಕ್ತಾರೆ" ಅಂದ್ರು. ನಾನು ಓದಿದ ಎಷ್ಟೋ ಇಂಗ್ಲಿಷ್ ಲೇಖನಗಳಿಗಿಂತ ಇದು ಸರಿಯಾಗಿತ್ತು.

ಆದ್ರೆ ಪೂರ್ತಿ ಸರಿ ಅಲ್ಲ, ಯಾಕಂದ್ರೆ ಒಬಾಮಾ 2002ರಲ್ಲಿ ಸೆನೆಟ್‌ನಲ್ಲೇ ಇರಲಿಲ್ಲ, ಯುದ್ಧದ ಮೇಲೆ ಓಟ್ ಹಾಕೋ ಪ್ರಸಂಗವೇ ಅವರಿಗೆ ಬರಲಿಲ್ಲ. ಸಭೇಲಿ ನಿಂತು ಬೇಡ ಅನ್ನೋದಕ್ಕೂ ಸದನದಲ್ಲಿ ಹೆಸರು ಕೂಗಿದಾಗ ಬೇಡ ಅನ್ನೋದಕ್ಕೂ ವ್ಯತ್ಯಾಸ ಇದೆ. ಹಳಬರ ಹೆಸರಲ್ಲಿ ಸಾವಿರಾರು ಓಟುಗಳ ದಾಖಲೆ ಇರತ್ತೆ, ಪ್ರತಿಯೊಂದರಲ್ಲೂ ಯಾರಿಗಾದ್ರೂ ನೋವಾಗೋ ಅಂಶ ಇರತ್ತೆ. ಹೊಸಬರದ್ದು ಖಾಲಿ ಹಾಳೆ, ಅದರಲ್ಲಿ ನಮ್ಮ ಆಸೆ ನಾವೇ ಬರ್ಕೊಳ್ತೀವಿ. ಆ ಜಿಮ್‌ನ ಒಬಾಮಾ ಮೂಲೆಯಲ್ಲಿ ಒಬ್ಬ ಯುದ್ಧ ನಿಲ್ಲತ್ತೆ ಅಂತಿದ್ದ, ಇನ್ನೊಬ್ಬಳು ಇನ್ಶೂರೆನ್ಸ್ ಸಿಗತ್ತೆ ಅಂತಿದ್ಲು, ಮತ್ತೊಬ್ಬ ಎರಡೂ ಪಕ್ಷದೋರು ಜಗಳ ಬಿಟ್ಟು ಕೂತು ಮಾತಾಡ್ತಾರೆ ಅಂತಿದ್ದ. ಮೂವರೂ ಒಂದೇ ಬೋರ್ಡ್ ಕೆಳಗೆ. ಜನ ತಮಗೆ ಬೇಕಾದ್ದನ್ನ ನನ್ನಲ್ಲಿ ನೋಡ್ಕೊಳ್ತಾರೆ ಅಂತ ಒಬಾಮಾ ಅವರೇ 2006ರ ತಮ್ಮ ಪುಸ್ತಕದಲ್ಲಿ ಬರೆದಿದ್ರು. ಗೊತ್ತಿತ್ತು ಅವರಿಗೆ.

ಅವತ್ತು ರಾತ್ರಿ ರಾಜ್ಯದಲ್ಲಿ ಒಬಾಮಾಗೆ ಸುಮಾರು 38 ಪರ್ಸೆಂಟ್, ಕ್ಲಿಂಟನ್ ಮೂರನೇ ಜಾಗ. ಬೈಡನ್, ಡಾಡ್ ಇಬ್ರೂ ಅದೇ ರಾತ್ರಿ ಕಣದಿಂದ ಹೊರಗೆ. ಐದು ದಿನಕ್ಕೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಬಾಮಾ ಸೋತ್ರು, ಸೋತ ರಾತ್ರೀನೇ ಆ ಪ್ರಸಿದ್ಧ "ಯೆಸ್ ವಿ ಕ್ಯಾನ್" ಭಾಷಣ ಮಾಡಿದ್ದು. ನಾನದನ್ನ ಟಿವೀಲಿ ನೋಡಿದೆ. ನಾನು ಮಾಡ್ತೀನಿ ಅನ್ನಲಿಲ್ಲ, ನಮ್ಮ ಕೈಲಾಗತ್ತೆ ಅಂದ್ರು. ವರ್ಚಸ್ಸು ವರ್ಚಸ್ಸು ಅಂತೀವಲ್ಲ, ಒಳ್ಳೇ ದನಿ, ಎತ್ತರದ ಮೈಕಟ್ಟು, ನಗು, ಇವೆಲ್ಲ ಇತ್ತು, ಆದ್ರೆ ಅಜ್ಜಿಯನ್ನ ಜಿಮ್ ದಾಟಿಸಿದ್ದು ಅದಲ್ಲ. ಆ ನಾವು ಅನ್ನೋದ್ರಲ್ಲಿ ನಾನೂ ಇದೀನಿ ಅಂತ ಅವರಿಗೆ ಅನ್ನಿಸಿತ್ತು, ಮತ್ತೆ ಅದನ್ನ ನಂಬೋಕೆ ಒಂದು ನೋಟ್‌ಬುಕ್ಕಿನ ಸಾಕ್ಷಿ ಇತ್ತು.

ನವೆಂಬರ್ ಹೊತ್ತಿಗೆ ರಿಪಬ್ಲಿಕನ್ ಪಕ್ಷದಿಂದ ನಿಂತಿದ್ದ ಹಳೇ ಸೆನೆಟರ್ ಜಾನ್ ಮೆಕೇನ್ ವಿರುದ್ಧವೂ ಇದೇ ಕಥೆ. ಸೆಪ್ಟೆಂಬರ್ 15ಕ್ಕೆ ಲೀಮನ್ ಬ್ರದರ್ಸ್ ಅನ್ನೋ ದೊಡ್ಡ ಬ್ಯಾಂಕ್ ಮುಳುಗಿದ ದಿನವೇ ಮೆಕೇನ್ ನಮ್ಮ ಆರ್ಥಿಕತೆಯ ಬುನಾದಿ ಗಟ್ಟಿಯಾಗಿದೆ ಅಂದ್ರು. ಉಪಾಧ್ಯಕ್ಷ ಸ್ಥಾನಕ್ಕೆ ಗವರ್ನರ್ ಆಗಿ ಎರಡು ವರ್ಷ ತುಂಬದ ಸಾರಾ ಪೇಲಿನ್ ಅವರನ್ನ ತಂದ್ಮೇಲೆ ಅನುಭವದ ಮಾತಾಡೋಕೆ ಅವರಿಗೂ ಬಾಯಿ ಇರಲಿಲ್ಲ. ರಾಜ್ಯವಾರು ಲೆಕ್ಕದ ಎಲೆಕ್ಟೋರಲ್ ಓಟುಗಳಲ್ಲಿ 365-173ರಲ್ಲಿ ಒಬಾಮಾ ಗೆದ್ರು.

ಈಗ ಕಷ್ಟದ ಮಾತು. ಅನುಭವ ಇಲ್ಲದ್ದಕ್ಕೆ ಒಬಾಮಾ ಬೆಲೆ ತೆರಲಿಲ್ವಾ? ತೆರಬೇಕಾಯ್ತು ಅಂತಲೇ ನನ್ನ ಅಭಿಪ್ರಾಯ, ಅವರನ್ನ ಇಷ್ಟಪಟ್ಟೋನಾಗಿಯೇ ಹೇಳ್ತಿದೀನಿ. ಭಯೋತ್ಪಾದನೆ ಆರೋಪದ ಮೇಲೆ ಹಿಡಿದೋರನ್ನ ಇಟ್ಟಿದ್ದ ಗ್ವಾಂಟನಾಮೋ ಜೈಲನ್ನ ಒಂದು ವರ್ಷದಲ್ಲಿ ಮುಚ್ಚಬೇಕು ಅಂತ ಅಧಿಕಾರಕ್ಕೆ ಬಂದ ಎರಡನೇ ದಿನ ಆದೇಶಕ್ಕೆ ಸಹಿ ಹಾಕಿದ್ರು, 8 ವರ್ಷ ಆದ್ರೂ ಮುಚ್ಚೋಕೆ ಆಗಲಿಲ್ಲ. ಹೆಲ್ತ್ ಇನ್ಶೂರೆನ್ಸ್ ಮಸೂದೆಗೆ ರಿಪಬ್ಲಿಕನ್ನರ ಒಪ್ಪಿಗೆ ಸಿಗತ್ತೆ ಅಂತ 2009ರ ಬೇಸಿಗೆ ಪೂರ್ತಿ ಕಾದ್ರು, ಕೊನೆಗೆ 2010ರ ಮಾರ್ಚ್‌ನಲ್ಲಿ ಅವರ ಒಂದೇ ಒಂದು ಓಟಿಲ್ಲದೆ ಪಾಸಾಯ್ತು, ಅದೇ ನವೆಂಬರ್‌ನಲ್ಲಿ ಕೆಳಮನೆಯಲ್ಲಿ ಒಬಾಮಾ ಪಕ್ಷದ 63 ಸೀಟು ಹೋಯ್ತು. ಸದನದ ಒಳಸುಳಿ ಗೊತ್ತಿದ್ದೋರು ಅಷ್ಟು ದಿನ ಕಾಯ್ತಿರಲಿಲ್ಲ ಅನ್ಸತ್ತೆ. 1960ರ ದಶಕದಲ್ಲಿ ಅಧ್ಯಕ್ಷನಾಗಿದ್ದ ಲಿಂಡನ್ ಜಾನ್ಸನ್ 24 ವರ್ಷ ಸಂಸತ್ತಿನಲ್ಲಿ ಪಳಗಿದ್ದ ಆಸಾಮಿ, 1964ರಲ್ಲಿ ನಾಗರಿಕ ಹಕ್ಕು ಕಾಯ್ದೆ, 1965ರಲ್ಲಿ ವಯಸ್ಸಾದೋರ ಆರೋಗ್ಯ ವಿಮೆ ಮೆಡಿಕೇರ್, ಎರಡನ್ನೂ ಒಬ್ಬೊಬ್ಬ ಸದಸ್ಯನ ಹೆಗಲ ಮೇಲೆ ಕೈ ಹಾಕಿ ಪಾಸ್ ಮಾಡಿಸ್ದ. ಅದೇ ಪಳಗಿದ ಕೈ ವಿಯೆಟ್ನಾಂಗೆ ಲಕ್ಷಗಟ್ಟಲೆ ಸೈನಿಕರನ್ನೂ ಕಳಿಸ್ತು. ಹಾಗಾಗಿ ಅನುಭವ ಇದ್ರೆ ಸಾಕು ಅನ್ನೋರ ಮಾತನ್ನೂ ನಾನು ಒಪ್ಪಲ್ಲ, ಬೇಡವೇ ಬೇಡ ಅನ್ನೋರದ್ದನ್ನೂ ಒಪ್ಪಲ್ಲ. ಒಬಾಮಾ ಬೈಡನ್ ಅವರನ್ನೇ ಉಪಾಧ್ಯಕ್ಷ ಮಾಡ್ಕೊಂಡ್ರಲ್ಲ, ಅಂದ್ರೆ ತನ್ನಲ್ಲಿ ಏನು ಕಮ್ಮಿ ಅಂತ ಅವರಿಗೆ ತಿಳಿದಿತ್ತು. ಅಜ್ಜಿ ಮೊದಲು ನಿಂತ ಮೂಲೆಯ ಮನುಷ್ಯನೂ ವೈಟ್‌ಹೌಸ್ ಸೇರಿದ ಹಾಗಾಯ್ತು.

ನಂಗೆ ಕೋಪ ಬರೋದು ಮತದಾರರನ್ನ ದಡ್ಡರು ಅನ್ನೋರ ಮೇಲೆ. ಪಾಲಿಸಿ ಓದಲ್ಲ, ಬಯೋಡೇಟಾ ನೋಡಲ್ಲ ಅಂತ ಬೈತಾರೆ, ಬಯೋಡೇಟಾ ಇದ್ದೋರು ತಪ್ಪು ಮಾಡಿದಾಗ ಯಾರಾದ್ರೂ ಬಂದು ಜನರ ಮುಂದೆ ಲೆಕ್ಕ ಕೊಟ್ರಾ ಅಂತ ಕೇಳಲ್ಲ. ಲೆಕ್ಕ ಸಿಗದೇ ಇದ್ದಾಗ ಜನರ ಕೈಲಿರೋದು ಒಂದೇ ದಾರಿ, ಆ ಲೆಕ್ಕಪುಸ್ತಕದಲ್ಲಿ ಹೆಸರೇ ಇಲ್ಲದೋರನ್ನ ಹುಡುಕೋದು.

ನಾನು 2012ರಲ್ಲಿ ಬೆಂಗಳೂರಿಗೆ ವಾಪಸ್ ಬಂದೆ, ಅಜ್ಜಿ ಜೊತೆ ಕ್ರಿಸ್‌ಮಸ್‌ಗೊಂದು ಫೋನ್ ಮಾತ್ರ ನಿಂತಿರಲಿಲ್ಲ. 2016ರಲ್ಲಿ ಟ್ರಂಪ್ ಗೆದ್ರು, ಸರ್ಕಾರದಲ್ಲಾಗಲೀ ಸೈನ್ಯದಲ್ಲಾಗಲೀ ಒಂದು ದಿನವೂ ಕೆಲ್ಸ ಮಾಡದೆ ಅಧ್ಯಕ್ಷರಾದ ಮೊದಲನೆಯೋರು. ಎರಡು ಸಲ ಒಬಾಮಾಗೆ ಕೊಟ್ಟಿದ್ದ ಅಯೋವಾ ಈ ಸಲ ಟ್ರಂಪ್ ಕಡೆ. ಅಜ್ಜಿಯ ತಮ್ಮನ ಜಮೀನು ಇರೋದು ಮಿನ್ನೆಸೋಟ ಗಡಿ ಹತ್ರದ ಹೊವರ್ಡ್ ಕೌಂಟಿಯಲ್ಲಿ. 2012ರಲ್ಲಿ ಒಬಾಮಾಗೆ ಅಲ್ಲಿ ಸುಮಾರು 20 ಪರ್ಸೆಂಟ್ ಅಂತರ, 2016ರಲ್ಲಿ ಟ್ರಂಪ್‌ಗೂ ಅಲ್ಲಿ ಸುಮಾರು 20 ಪರ್ಸೆಂಟ್ ಅಂತರ. ಅದೇ ಊರು, ಅದೇ ಜನ.

ಆ ಡಿಸೆಂಬರ್ ಫೋನ್ ಮಾಡಿದಾಗ ಅಜ್ಜಿ ದನಿ ಸಣ್ಣಗಾಗಿತ್ತು. ತಮ್ಮನ ಜೊತೆ ತಿಂಗಳಿಂದ ಮಾತಿಲ್ಲ ಅಂದ್ರು. 2008ರಲ್ಲಿ ತಮ್ಮನೂ ಅವನ ಊರಿನ ಕಾಕಸ್‌ನಲ್ಲಿ ಒಬಾಮಾ ಮೂಲೆಯಲ್ಲೇ ನಿಂತಿದ್ದನಂತೆ, ಈ ಸಲ ಟ್ರಂಪ್‌ಗೆ ಹಾಕಿದನಂತೆ. ಯಾಕೆ ಹೀಗೆ ಬದಲಾದೆ ಅಂತ ಇವರು ಕೇಳಿದ್ದಕ್ಕೆ, "ನಾನೆಲ್ಲಿ ಬದಲಾದೆ ಅಕ್ಕ, ಎರಡು ಸಲವೂ ಒಂದೇ ಕಾರಣಕ್ಕೆ ಓಟ್ ಹಾಕಿದೀನಿ" ಅಂದನಂತೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಈ ಸಲ ಅವನ ಮನೆ ಹತ್ರ ನಮ್ಮ ಕಡೆಯೋರು ಯಾರೂ ಹೋಗಿರಲಿಲ್ಲ, ಅದೂ ನಿಜ" ಅಂದ್ರು.