ಸೋತವನ ಮುಖ ನೋಡೋದು

ಟೋಕಿಯೋಗೆ ಬಂದ ಹೊಸದರಲ್ಲಿ ಆಫೀಸಿನ ಗೆಳೆಯರು ಇಲ್ಲಿನ ಪ್ರೊ ರೆಸ್ಲಿಂಗ್ ಕುಸ್ತಿಗೆ ಕರೆದರೆ ನಾನು ಹೋಗುತ್ತಿರಲಿಲ್ಲ. ಮೈಸೂರಿನವನು ನಾನು, ತಾತನ ಹೆಗಲ ಮೇಲೆ ಕೂತು ದಸರಾ ಕುಸ್ತಿ ನೋಡಿದವನು. ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡಿಕೊಂಡು ಆಡೋದು ಎಂಥ ಕುಸ್ತಿ ಅಂತ ವಾದ ಮಾಡುತ್ತಿದ್ದೆ. ಆ ವಾದ ಬಿಡಿಸಿದವರು ಇಲ್ಲಿನ ಕುಸ್ತಿಪಟು ಕೆಂಟಾ ಕೊಬಾಶಿ.

1967ರಲ್ಲಿ ಕ್ಯೋಟೋ ಸೀಮೆಯ ಫುಕುಚಿಯಾಮದಲ್ಲಿ ಹುಟ್ಟಿದವರು. ಕೈಲಿದ್ದ ಕಂಪನಿ ಕೆಲಸ ಬಿಟ್ಟು ಆಲ್ ಜಪಾನ್ ಅನ್ನೋ ಕುಸ್ತಿ ಸಂಸ್ಥೆ ಸೇರಿ, 1988ರಲ್ಲಿ ರಿಂಗಿಗೆ ಇಳಿದರು. ಯಜಮಾನ ಜೈಂಟ್ ಬಾಬಾ ಅವರ ಸೇವೆಯನ್ನೂ ಮಾಡಿದರು. ಇಲ್ಲಿ ಹೊಸ ಹುಡುಗರು ಹಿರಿಯರ ಬಟ್ಟೆ ಒಗೀಬೇಕು, ಚೀಲ ಹೊರಬೇಕು, ನೂರಾರು ಬಸ್ಕಿ ಹೊಡೀಬೇಕು. ನಮ್ಮ ಗರಡಿ ಮನೆ ಥರಾನೇ, ಅಲ್ವಾ? ಆ ಬಸ್ಕಿಗೆ ‘ಹಿಂದೂ ಸ್ಕ್ವಾಟ್’ ಅಂತಲೇ ಹೆಸರು.

2003ರ ಮಾರ್ಚಿನಲ್ಲಿ ಇನ್ನೊಬ್ಬ ಹೆಸರಾಂತ ಕುಸ್ತಿಪಟು ಮಿತ್ಸುಹಾರು ಮಿಸಾವಾ ಅವರನ್ನು ಸೋಲಿಸಿ ನೋಆ ಅನ್ನೋ ಮತ್ತೊಂದು ಕುಸ್ತಿ ಸಂಸ್ಥೆಯ ಪಟ್ಟ ಗೆದ್ದರು. ಎರಡು ವರ್ಷ ಬಿಟ್ಟುಕೊಡಲಿಲ್ಲ. 2006ರಲ್ಲಿ ಮೂತ್ರಪಿಂಡದಲ್ಲಿ ಕ್ಯಾನ್ಸರ್ ಕಾಣಿಸಿತು.

2007ರ ಡಿಸೆಂಬರ್ 2, ಟೋಕಿಯೋದ ಬುಡೋಕಾನ್ ಕ್ರೀಡಾಂಗಣ. ಕೊಬಾಶಿ ವಾಪಸ್ ಬಂದ ದಿನ. ಗೆಳೆಯನೊಬ್ಬ ಬಲವಂತವಾಗಿ ಎಳೆದುಕೊಂಡು ಹೋಗಿದ್ದ. ಪಕ್ಕದಲ್ಲಿ ಸೂಟು ಹಾಕಿದ ವಯಸ್ಸಾದವರೊಬ್ಬರು. ಮೆಚ್ಚಿದ ಕುಸ್ತಿಪಟು ಬಂದಾಗ ರಿಂಗಿನತ್ತ ಎಸೆಯೋಕೆ ಅಂತ ಕಿತ್ತಳೆ ಬಣ್ಣದ ಕಾಗದದ ಸುರುಳಿ ತಂದಿದ್ದರು. ಕೊಬಾಶಿ ಬಂದಾಗ ಎಸೆಯೋದನ್ನೇ ಮರೆತರು. ಸುರುಳಿ ಮುಷ್ಟಿಯಲ್ಲೇ ನಜ್ಜುಗುಜ್ಜಾಯಿತು. ಕೊಬಾಶಿ ಕೈಯ ಅಂಚಿನಿಂದ ಎದುರಾಳಿಯ ಎದೆಗೆ ಬಾರಿಸಿದರೆ ಮೇಲಿನ ಸಾಲಿನವರೆಗೂ ಕೇಳಿಸುತ್ತಿತ್ತು. ಆ ಸದ್ದಿನಲ್ಲಿ ಸುಳ್ಳಿರಲಿಲ್ಲ. ಕೊನೆಗೆ ಮಿಸಾವಾ ಕೈಯಲ್ಲಿ ಸೋತರು. ಜನ ಅಳುತ್ತಾ ಅವರ ಹೆಸರು ಕೂಗಿದರು.

ಚಿಕ್ಕವನಿದ್ದಾಗ ಒಂದು ದಸರೆಯಲ್ಲಿ, ಸೋತ ಪೈಲ್ವಾನನೊಬ್ಬ ನಲ್ಲಿ ಹತ್ತಿರ ಒಬ್ಬನೇ ಬೆನ್ನಿನ ಕೆಮ್ಮಣ್ಣು ತೊಳೆದುಕೊಳ್ಳುತ್ತಿದ್ದ. ನಾನು ನಿಂತು ನೋಡುತ್ತಿದ್ದೆ. “ಸೋತೋನ ಮುಖ ನೋಡಬಾರದು ಮಗ, ನಡಿ” ಅಂದರು ತಾತ. ಅದು ತಿರಸ್ಕಾರವಲ್ಲ. ಅವನಿಗೆ ನಾಚಿಕೆ ಆಗದಿರಲಿ ಅಂತ. ನಾವು ಸೋತವನ ಮರ್ಯಾದೆ ಕಾಯೋದು ಮುಖ ತಿರುಗಿಸಿಕೊಂಡು. ಇಲ್ಲಿನವರು ಕಾಯೋದು ಕಣ್ಣು ಕೀಳದೆ ನೋಡಿ. ನನಗೀಗ ಇದೇ ಸರಿ ಅನಿಸುತ್ತದೆ.

ಆದರೆ ಇದಕ್ಕೂ ಬೆಲೆ ಇದೆ. ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು, ಅದರಲ್ಲೊಂದು ದಯೆಯಿದೆ. ಇಲ್ಲಿ ಬಿದ್ದವನು ಮತ್ತೆ ಮತ್ತೆ ಏಳಬೇಕು. 2009ರ ಜೂನ್ 13ರಂದು ಹಿರೋಶಿಮಾದಲ್ಲಿ ರಿಂಗಿನಲ್ಲಿ ಬಿದ್ದ ಮಿಸಾವಾ ಮತ್ತೆ ಏಳಲಿಲ್ಲ. ಅವರಿಗಾಗ 46 ವರ್ಷ. ಸಾಕು ಅನ್ನೋ ಉಸ್ತಾದ್ ಒಬ್ಬರು ಅಲ್ಲಿರಬೇಕಿತ್ತು ಅಂತ ಇವತ್ತಿಗೂ ಸಂಕಟವಾಗುತ್ತದೆ.

2013ರ ಮೇ 11ರಂದು ಕೊಬಾಶಿಯ ಕೊನೆಯ ಕುಸ್ತಿ, ನಾಲ್ಕು ನಾಲ್ಕು ಜನರ ತಂಡಗಳ ನಡುವೆ. ಅವರಿಗೂ ಆಗ 46. ಎದುರು ನಿಂತ ನಾಲ್ವರೂ ಒಂದು ಕಾಲಕ್ಕೆ ಅವರ ಚೀಲ ಹೊತ್ತ ಶಿಷ್ಯರು. ಹಲವು ಸಲ ಆಪರೇಷನ್ ಆದ ಮಂಡಿಗಳಲ್ಲೇ ಮೂಲೆಯ ಕಂಬ ಹತ್ತಿ, ಎದುರಾಳಿಯ ಮೇಲೆ ಹಿಂದಕ್ಕೆ ಲಾಗ ಹೊಡೆದು ಗೆದ್ದರು. ಆಮೇಲೆ ಅವರ ವಿದಾಯಕ್ಕೆ ಹತ್ತು ಸಲ ಗಂಟೆ ಬಾರಿಸಲಾಯಿತು. ಅವತ್ತು ನನ್ನ ಕೈಲೂ ಒಂದು ಕಿತ್ತಳೆ ಸುರುಳಿ ಇತ್ತು. ಮರೆಯದೆ ಎಸೆದೆ.